ಜರಿ ಕುಂಚಿಗೆ

ಕಾದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಈಗಲೂ ನನ್ನ ಮನಸ್ಸು ಮಸ್ಕಿಯ ನಮ್ಮ ಪಡಸಾಲೆಗೆ ಹೋಗುತ್ತದೆ.

ನಿಜಾಮನ ಆಳ್ವಿಕೆ ಮುಗಿದ ಮರುವರ್ಷದ ಬೇಸಿಗೆ. ನನ್ನ ತಮ್ಮ ಆಗ ಎಳೆಗೂಸು. ಮನೆಯ ಯಜಮಾನಿಯಾಗಿದ್ದ ದೊಡ್ಡಪ್ಪನ ಹೆಂಡತಿ, ದೊಡ್ಡವ್ವ, ತನ್ನ ತವರಿನ ಜರಿ ಕುಂಚಿಗೆಯನ್ನು ಆ ಸೆಕೆಯಲ್ಲೂ ಅವನ ತಲೆಗೆ ಹಾಕಿಸಿ ಕೊರಳಿಗೆ ಬಿಗಿದು ಕಟ್ಟಿಸುತ್ತಿದ್ದಳು. ಕೂಸು ಅತ್ತರೆ, "ಇಕಿಗೆ ಕೂಸಿನ ಕೊಳ್ಳ ತೊಳಿಯಾಕೂ ಬರಂಗಿಲ್ಲ" ಎಂದು ಬಂದವರ ಮುಂದೆಲ್ಲ ಅವ್ವನನ್ನು ಹಂಗಿಸುತ್ತಿದ್ದಳು. ಅವ್ವ ಕೂಸನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಪಾಮನಕಲ್ಲೂರಿನಿಂದ ಅವ್ವನ ತಾಯಿ, ನಮ್ಮಜ್ಜಿ, ಬಂದಳು. ಕುಂಚಿಗೆ ಬಿಚ್ಚಿ ಕೂಸಿನ ಗದ್ದ ಮೆಲ್ಲಗೆ ಎತ್ತಿದಳು. ಕೊರಳಿನ ಮಡಿಕೆಗಳೊಳಗೆ ಚರ್ಮ ಕೆಂಪಾಗಿ ಹಸಿಹಸಿಯಾಗಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಹಳೆಯ ಧೋತರದ ಮೆತ್ತನೆಯ ತುಂಡಿನಿಂದ ಉಜ್ಜದೆ ಒತ್ತಿ ಒರೆಸಿ, ಗಾಳಿಗೆ ಬಿಟ್ಟಳು. ಆಮೇಲೆ ಕಾಯಿಸಿ ಆರಿಸಿದ ಎಣ್ಣೆಯನ್ನು ತೆಳ್ಳಗೆ ಸವರಿದಳು. ಕೂಸು ನಿದ್ದೆ ಹೋಯಿತು.

"ಜರಿ ಚುಚ್ಚೈತಿ" ಎಂದಳು ಅಜ್ಜಿ.

ಓಣಿಯ ಹೆಂಗಸರೆಲ್ಲ ಕೂತಿದ್ದರು. "ನಮ್ಮ ತವರಿಂದು ಹೂವಿನಂಗ ಐತಿ" ಎಂದಳು ದೊಡ್ಡವ್ವ.

"ಹಂಗಾದ್ರ ಕೂಸು ಏಳೋಮಟ ನೀನ ಕಟ್ಕೊಂಡು ಕುಂದ್ರು."

ಅಜ್ಜಿ ಕುಂಚಿಗೆಯನ್ನು ಅವಳ ಕೊರಳಿಗೆ ಸುತ್ತಿ ಗಂಟು ಹಾಕಿಯೇಬಿಟ್ಟಳು. ಅಷ್ಟು ಜನರೆದುರು ಬಿಚ್ಚಿದರೆ ತನ್ನ ಮಾತೇ ಸುಳ್ಳಾದೀತೆಂದು ದೊಡ್ಡವ್ವ ಹಾಗೆಯೇ ಕೂತಳು. ಬೆವರು ಇಳಿಯಿತು. ಕೆರೆದುಕೊಂಡಲ್ಲೆಲ್ಲ ಕೆಂಪು ಗೆರೆಗಳೆದ್ದವು. ನೋಡುತ್ತ ನೋಡುತ್ತ ನನ್ನ ಹೊಟ್ಟೆ ತಣ್ಣಗಾಯಿತು. ಕೊನೆಗೆ ಅವಳ ಕೈ ಗಂಟಿಗೆ ಹೋಯಿತು.

ಕೂಸು ಆಗಲೇ ಕಣ್ಣು ಬಿಟ್ಟಿತ್ತು. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು:

"ಕುಂದರ್ರಿ ಅಕ್ಕಾ. ಇನ್ನೂ ಎದ್ದಿಲ್ಲ."