ನಲವತ್ತು ಡಬ್ಬಿ, ಒಂದು ಯಂತ್ರ

ಶಾಲೆಯ ಗೋಡೆಗೆ ನೇತುಹಾಕಿದ್ದ, ಧೂಳು ಅಳೆಯುವ ಅಗ್ಗದ ಡಬ್ಬಿ ಮತ್ತೆ ಸುಳ್ಳು ಹೇಳಿತು. ಗಾಳಿಯಲ್ಲಿ ಧೂಳು ನೂರ ಎಂಬತ್ತಂತೆ!

"ಮಕ್ಕಳನ್ನ ಓಡಿಸ್ಲೋ ಬೇಡ್ವೋ?" ಎಂದು ಫೋನಿನಲ್ಲಿ ಅಕ್ಕ ಕೇಳಿದಳು. ಆಕೆ ಆ ಶಾಲೆಯ ಆಟದ ಟೀಚರು.

"ಓಡಿಸಕ್ಕಾ. ನಮ್ಮ ದೊಡ್ಡ ಯಂತ್ರ ನಲವತ್ತೈದು ಅಂತಿದೆ," ಎಂದ ತಮ್ಮ. ಅವನು ಗಾಳಿ ಅಳೆಯುವ ಕಚೇರಿಯ ತಂತ್ರಜ್ಞ.

ಊರಿನ ತುಂಬ ಇಂಥ ನಲವತ್ತು ಡಬ್ಬಿಗಳಿದ್ದವು. ದೊಡ್ಡ ಯಂತ್ರ ಮಾತ್ರ ಒಂದೇ. ಅದಕ್ಕೆ ಪ್ರತ್ಯೇಕ ಕೋಣೆ, ಎಸಿ, ಹೊರಗಿನ ಗಾಳಿ ಎಳೆಯಲು ಛಾವಣಿ ದಾಟಿ ಹೋಗುವ ಉದ್ದದ ಕೊಳವೆ. ತಂತ್ರಜ್ಞ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಿದ್ದ.

"ಡಬ್ಬಿಗಳ ನಿಖರತೆ ಹೆಚ್ಚಿಸ್ರಿ," ಎಂದು ಸಾಹೇಬರು ಅಪ್ಪಣೆ ಮಾಡಿದ್ದರು. "ಯಂತ್ರ ಹೇಳಿದ್ದನ್ನೇ ಅವೂ ಹೇಳಬೇಕು."

ಹೋಲಿಸಿ ನೋಡಲು ಡಬ್ಬಿಗಳನ್ನು ಕೊಳವೆಯ ಪಕ್ಕದಲ್ಲೇ ಇಡಬೇಕು. ಆದರೆ ಛಾವಣಿ ಹತ್ತಲು ಅನುಮತಿ ಬೇಕು, ಅನುಮತಿಗೆ ಅರ್ಜಿ, ಅರ್ಜಿಗೆ ಮೂರು ಸಹಿ. ಅದರ ಬದಲು ತಂತ್ರಜ್ಞ ಹತ್ತು ಡಬ್ಬಿಗಳನ್ನು ಕಿಟಕಿಯ ಹೊರಗೆ ಕಟ್ಟಿದ. ಅವುಗಳ ಪುಟ್ಟ ಫ್ಯಾನು ಒರೆಸಿದ. ಗಾಳಿಯ ತೇವವನ್ನೂ ಧೂಳೆಂದೇ ಎಣಿಸುವ ಚಾಳಿ ಅವಕ್ಕಿತ್ತು. ಆ ಲೆಕ್ಕವನ್ನೂ ಕಳೆದ. ಹತ್ತು ಅಂಕಿ ಇಳಿಯಿತು. ಅಷ್ಟೇ.

ಒಂದು ದಿನ ಕಚೇರಿಯ ಹಿಂದಿನ ಕಸದ ರಾಶಿಗೆ ಬೆಂಕಿ ಬಿತ್ತು. ಎಲ್ಲರ ಕಣ್ಣಲ್ಲೂ ನೀರು. ಡಬ್ಬಿಗಳು ನಾನೂರು ದಾಟಿದವು. ಯಂತ್ರ ನಲವತ್ತೈದರಿಂದ ನಲವತ್ತೇಳಕ್ಕೆ ಹೋಯಿತು.

"ನೋಡ್ರಿ," ಎಂದರು ಸಾಹೇಬರು, ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ. "ದೊಡ್ಡವರು ಇಂಥದ್ದಕ್ಕೆಲ್ಲ ಗಾಬರಿ ಆಗಲ್ಲ."

ತಂತ್ರಜ್ಞನಿಗೆ ಯಂತ್ರದ ಮೇಲೆ ಅನುಮಾನ ಬಂತು. ಆದರೆ ಅವನ ಬಡ್ತಿಯ ಕಡತ ಸಾಹೇಬರ ಮೇಜಿನ ಮೇಲೆ ಕಾಲು ಚಾಚಿ ಮಲಗಿತ್ತು. ಅದೇ ವಾರ ಸೂತ್ರ ಬರೆದುಕೊಟ್ಟ: ಡಬ್ಬಿ ಎಷ್ಟೇ ಹೇಳಲಿ, ನಾಲ್ಕರಿಂದ ಭಾಗಿಸು.

ಮಾರನೆಯ ದಿನ ಊರಿನ ಗಾಳಿ ಶುದ್ಧವಾಯಿತು. ಸಾಹೇಬರಿಗೆ ಪ್ರಶಸ್ತಿ ಬಂತು. ತಂತ್ರಜ್ಞನಿಗೆ ಬಡ್ತಿ, ಜೊತೆಗೆ ಫೋಟೋದ ಅಂಚಿನಲ್ಲಿ ಅರ್ಧ ಮುಖದಷ್ಟು ಜಾಗ.

"ಮಕ್ಕಳು ಎರಡು ಸುತ್ತಿಗೇ ಕೆಮ್ತಾರೆ ಕಣೋ," ಎಂದಳು ಅಕ್ಕ.

"ಅಭ್ಯಾಸ ಸಾಲದು. ಇನ್ನೆರಡು ಸುತ್ತು ಓಡಿಸು."

ಯಂತ್ರಕ್ಕೆ ವರ್ಷ ತುಂಬಿತು. ಮೊದಲ ಸರ್ವಿಸಿಗೆ ಕಂಪನಿಯ ಮೆಕ್ಯಾನಿಕ್ ಬಂದ. ಯಾರನ್ನೂ ಕೇಳದೆ ಸೀದಾ ಏಣಿ ಹಾಕಿ ಛಾವಣಿ ಹತ್ತಿದ. ಇಳಿದಾಗ ಅವನ ಕೈಯಲ್ಲೊಂದು ಕೆಂಪು ಮುಚ್ಚಳವಿತ್ತು.

"ಸಾಗಿಸುವಾಗ ಕೊಳವೆ ಬಾಯಿಗೆ ಹಾಕಿದ್ದು ಸಾರ್. ಯಾರೂ ತೆಗೆದೇ ಇಲ್ವಲ್ಲ! ವರ್ಷದಿಂದ ಈ ಎಸಿ ರೂಮಿನ ಗಾಳೀನೇ ಸಂದಿಯಿಂದ ಎಳ್ಕೊಂಡು ಅಳೀತಾ ಕೂತಿದೆ."

ಯಂತ್ರದ ಅಂಕಿ ಏರತೊಡಗಿತು. ಅರವತ್ತು. ನೂರ ಹತ್ತು. ನೂರ ಎಪ್ಪತ್ತು.

ತಂತ್ರಜ್ಞ ಫೋನು ಹಚ್ಚಿದ. "ಅಕ್ಕಾ, ಮಕ್ಕಳನ್ನ ಒಳಗೆ ಕರ್ಕೋ. ಈಗ್ಲೇ. ತಪ್ಪು ನಂದು."

ಸಾಹೇಬರು ಮುಚ್ಚಳವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮೆಕ್ಯಾನಿಕ್‌ನ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟರು.

"ಇಂಥವೇ, ಸ್ವಲ್ಪ ಸಣ್ಣ ಸೈಜಿಂದು, ನಲವತ್ತು ಸಿಗುತ್ತೇನಪ್ಪಾ?"