ಏಳನೆಯ ಕೊಕ್ಕರೆ

ಚಳಿಗಾಲ ಬಂತೆಂದರೆ ಚಿತ್ರದ ಹಕ್ಕಿಗಳೆಲ್ಲ ವಲಸೆ ಹೋಗುವುದು ವಾಡಿಕೆ. ಮ್ಯೂಸಿಯಂನ ಜಪಾನಿ ಮಣ್ಣಿನ ಬಟ್ಟಲಿನ ಏಳು ನೀಲಿ ಕೊಕ್ಕರೆಗಳಲ್ಲಿ ಈ ಸಲ ಆರೇ ಮರಳಿದ್ದವು. ಮೂವತ್ತು ವರ್ಷ ಆ ಬಟ್ಟಲನ್ನು ನೋಡಿಕೊಂಡ ಅಂಬುಜಾಕ್ಷಿಗೆ ಅಂದು ಕೆಲಸದ ಕೊನೆಯ ದಿನ.

"ಇನ್ನದು ಬರಲ್ಲ ಬಿಡಿ ಅಂಬುಜಮ್ಮ," ಎಂದರು ಕ್ಯುರೇಟರ್ ಸದಾನಂದ.

ಮಧ್ಯಾಹ್ನ ಕಿಟಕಿಯ ಬಿಸಿಲಿನಲ್ಲಿ ಅದು ತೇಲಿ ಬಂತು. ಬಟ್ಟಲಿನವರೆಗೆ ಹಾರಲಾರದಷ್ಟು ದಣಿದು, ಆಕೆಯ ಮಣಿಕಟ್ಟಿನ ಮೇಲೆ ಹಚ್ಚೆಯಂತೆ ಅಂಟಿ ಕುಳಿತಿತು. ಸೆರಗು ಎಳೆದುಕೊಂಡು ಮನೆಗೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬಟ್ಟಲಿನ ಆರೂ ಕೊಕ್ಕರೆಗಳು ಕತ್ತು ಚಾಚಿ ಇತ್ತಲೇ ನೋಡುತ್ತಿದ್ದವು.

ಆಕೆ ಗಾಜಿನ ಪೆಟ್ಟಿಗೆ ತೆರೆದು, ಮಣಿಕಟ್ಟನ್ನು ಬಟ್ಟಲಿಗೆ ಒತ್ತಿ ಹಿಡಿದಳು.

"ಹೋಗು ಕಂದ, ನಿನ್ನೋರು ಕಾಯ್ತಿದಾರೆ."

ಕೊಕ್ಕರೆ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ದಾಟಿಹೋಯಿತು. ಬೀಗ ಹಾಕಿ ಕೀಲಿಕೈಯನ್ನು ಸದಾನಂದರಿಗೆ ಒಪ್ಪಿಸುವಾಗ ಅಂಬುಜಾಕ್ಷಿಯ ಮಣಿಕಟ್ಟು ಇನ್ನೂ ಬೆಚ್ಚಗಿತ್ತು.