ಹತ್ತು ಕಲ್ಲಿನ ಮನೆ

ಆವಣಿ ಬೆಟ್ಟದ ಅರ್ಧ ದಾರಿಯಲ್ಲಿ ‘ಇನ್ನು ಎರಡು ಮೀಟರ್’ ಎಂದು ತೋರಿಸಿದ ಮೊಬೈಲು ಆಮೇಲೆ ಏನೂ ಹೇಳಲಿಲ್ಲ. ಶ್ರೀಧರ್ ತಲೆಯೆತ್ತಿ ನೋಡಿದ. ಎದುರಿಗೆ ಬಂಡೆ, ಬಂಡೆಯಲ್ಲೊಂದು ಬಿರುಕು, ಬಿರುಕಿಗೆ ಬಾಗಿಲು ಹಾಕಿದ ಹಾಗೆ ಒಂದರ ಮೇಲೊಂದು ಪೇರಿಸಿಟ್ಟ ಹತ್ತು ಕಲ್ಲು.

“ಡಬ್ಬಿ ಇದರ ಹಿಂದೇನೇ ಇರೋದು” ಎಂದು ಅವನು ಮೇಲಿನ ಕಲ್ಲಿಗೆ ಕೈ ಹಾಕಿದ.

“ವದ್ದು ರೀ.” ರಮಾದೇವಿ ಗಂಡನ ಮಣಿಕಟ್ಟು ಹಿಡಿದುಕೊಂಡಳು. ಗಾಬರಿಯಾದಾಗ ಅವಳ ಬಾಯಿಗೆ ಶ್ರೀನಿವಾಸಪುರದ ತವರಿನ ತೆಲುಗೇ ಬರುತ್ತಿತ್ತು. “ಬೇಡ. ಯಾರೋ ಕಟ್ಟಿರೋ ಮನೆ ಅದು.”

ಡಬ್ಬಿ ಹುಡುಕುವುದು ಶ್ರೀಧರ್‌ಗೆ ವೇಮಗಲ್‌ನ ಕಾರ್ಖಾನೆಯ ಜೊತೆಗಾರರು ಹಚ್ಚಿದ ಹುಚ್ಚು. ಯಾರೋ ಎಲ್ಲೋ ಬಚ್ಚಿಟ್ಟಿದ್ದನ್ನು ಮೊಬೈಲಿನ ನಕ್ಷೆ ಹಿಡಿದು ಪತ್ತೆ ಮಾಡಬೇಕು, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು ಮತ್ತೆ ಅಲ್ಲೇ ಇಡಬೇಕು. ಜಿಯೋಕ್ಯಾಶಿಂಗ್ ಅಂತ ಆ ಆಟದ ಹೆಸರು. ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದಿದ್ದವನು, ಯುಗಾದಿಯ ದಿನ ಸಿಕ್ಕೇ ಸಿಗುತ್ತದೆಂದು ಹೆಂಡತಿಯನ್ನೂ ಹೈಸ್ಕೂಲಿನ ಮಗಳು ಶಿರೀಷಾಳನ್ನೂ ಬೈಕಿನಲ್ಲಿ ಕೂರಿಸಿಕೊಂಡು ಹೊರಟಿದ್ದ.

ರಮಾದೇವಿ ಬಂದದ್ದು ಬೇರೆ ಕಾರಣಕ್ಕೆ. ಈ ಬೆಟ್ಟದಲ್ಲಿ ಕಲ್ಲು ಪೇರಿಸಿದರೆ ಸ್ವಂತ ಮನೆಯಾಗುತ್ತದೆ ಅನ್ನುತ್ತಾರೆ. ಈಗಿರುವುದು ಆರನೆಯ ಬಾಡಿಗೆ ಮನೆ. ಬಾಗಿಲಿಗೆ ಹೊಸದಾಗಿ ಪೇಂಟು ಹೊಡೆಸಿದ ಓನರಮ್ಮ, ಮೊಳೆ ಬೇಡ, ಟೇಪೂ ಬೇಡ, ಹಬ್ಬ ಆದರೇನು ಎಂದುಬಿಟ್ಟಿದ್ದರು. ಹಿಂದಿನ ಸಂಜೆ ಪೋಣಿಸಿದ್ದ ಮಾವಿನೆಲೆ ತೋರಣವನ್ನು ಬಿಸಾಡಲು ಮನಸ್ಸಾಗದೆ ಅವಳು ಚೀಲದಲ್ಲೇ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಕುರುಡುಮಲೆಯಲ್ಲಿ, ಎರಡಾಳೆತ್ತರದ ಗಣಪನ ಮುಂದೆ ಅಪ್ಪ ಮಗಳು ಬಾಯಿ ತೆರೆದು ನಿಂತಿದ್ದಾಗ, ಅವಳು ನೋಡುತ್ತಿದ್ದದ್ದು ಬಾಗಿಲಿಗೆ ಕಟ್ಟಿದ್ದ ಹಸಿರು ತೋರಣವನ್ನು. ಬೆಟ್ಟದ ಬುಡದಲ್ಲಿ ಆರಿಸಿಕೊಂಡ ಒಂದು ಚಪ್ಪಟೆ ಕಲ್ಲು ಈಗಲೂ ಅವಳ ಮುಷ್ಟಿಯಲ್ಲಿತ್ತು.

“ಕಲ್ಲಿಟ್ರೆ ಮನೆ ಬರೋದಾದ್ರೆ ನಮ್ಮ ಓನರಮ್ಮ ಬೆಟ್ಟಾನೇ ಪೇರಿಸಿರ್ಬೇಕು ಕಣೇ” ಎಂದ ಶ್ರೀಧರ್.

ಶಿರೀಷಾ ನಕ್ಕಳು. ರಮಾದೇವಿ ನಗಲಿಲ್ಲ. “ಐದು ಮನೆಯಿಂದ ನಮ್ಮನ್ನ ಎಬ್ಬಿಸಿದಾರೆ. ಇನ್ನೊಬ್ಬರ ಮನೆ ನನ್ನ ಕಣ್ಣೆದುರಿಗೆ ಬೀಳೋದು ಬೇಡ.”

ಶ್ರೀಧರ್ ಕೈ ತೆಗೆದ. ನಾಲ್ಕನೆಯ ಸಲವೂ ಹೋಯಿತು ಎಂದು ಅವನ ಮುಖವೇ ಹೇಳುತ್ತಿತ್ತು. ಅದನ್ನು ನೋಡಿ ಶಿರೀಷಾ ಬಳೆ ಬಿಚ್ಚಿ ಅಮ್ಮನಿಗೆ ಕೊಟ್ಟಳು. ಬಂಡೆಗೆ ಕೆನ್ನೆಯಾನಿಸಿ, ಕಲ್ಲುಗಳ ಪಕ್ಕದ ಕಿರುಸಂದಿಯಲ್ಲಿ ಕೈ ತೂರಿಸಿದಳು. ಮೇಲಿನ ಕಲ್ಲು ಒಮ್ಮೆ ಅಲುಗಿತು. ಅವಳು ಕೈ ತಡೆದಳು. ಕಲ್ಲು ನಿಂತಿತು. ಶಿರೀಷಾಳ ಕೈ ಹೊರಗೆ ಬಂದಾಗ ಅದರಲ್ಲೊಂದು ಪ್ಲಾಸ್ಟಿಕ್ ಡಬ್ಬಿ ಇತ್ತು, ಡಬ್ಬಿಯಲ್ಲಿ ಅಂಗೈಯಗಲದ ಪುಸ್ತಕ.

ಮೊದಲ ಪುಟ ಆರು ವರ್ಷದ ಹಿಂದಿನದು, ಡಬ್ಬಿ ಇಟ್ಟವರು ಬರೆದದ್ದು. ಇಂಗ್ಲಿಷಿನಲ್ಲಿದ್ದುದನ್ನು ಶಿರೀಷಾ ನಿಧಾನವಾಗಿ ಕನ್ನಡ ಮಾಡಿ ಹೇಳಿದಳು. ‘ಬಿರುಕಿನ ಮುಂದೆ ಯಾರೋ ಮೂರು ಕಲ್ಲು ಇಟ್ಟಿದ್ದಾರೆ. ಅದು ನನ್ನದಲ್ಲ. ದಯವಿಟ್ಟು ಬೀಳಿಸಬೇಡಿ.’ ಅದರ ಕೆಳಗೆ ಚೆನ್ನೈನ ಒಬ್ಬರು: ‘ಬೀಳಿಸಲಿಲ್ಲ. ನಾನೂ ಒಂದು ಇಟ್ಟೆ. ನಾಲ್ಕು.’ ಮದನಪಲ್ಲಿಯವರ ತೆಲುಗು ಸಾಲನ್ನು ರಮಾದೇವಿಯೇ ಓದಿದಳು: ‘ಐದು.’ ಪೋಲೆಂಡ್‌ನಿಂದ ಬಂದಿದ್ದ ಗಂಡ ಹೆಂಡತಿ, ಇದು ಯಾಕೆಂದು ನಮಗೆ ಗೊತ್ತಿಲ್ಲ, ಆದರೂ ಇಟ್ಟಿದ್ದೇವೆ, ಆರು ಎಂದಿದ್ದರು. ಮುಂದಿನ ಪುಟದಲ್ಲಿ ಒದ್ದೆಯಾಗಿ ಹರಡಿದ ಶಾಯಿಯಲ್ಲಿ ಕನ್ನಡ ಅಕ್ಷರ:

‘ಮಳೆಗೆ ಬಿದ್ದುಹೋಗಿತ್ತು. ಆರೂ ಕಲ್ಲು ಹುಡುಕಿ ಮತ್ತೆ ಕಟ್ಟಿದೆ. ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಗೊತ್ತಾಗಲಿಲ್ಲ. ಮನೆಯವರು ಕ್ಷಮಿಸಬೇಕು.’

ಅದರ ಕೆಳಗೆ ಬರೀ ಹೆಸರು ಮತ್ತು ಲೆಕ್ಕ: ಏಳು, ಎಂಟು, ಒಂಬತ್ತು, ಹತ್ತು. ಶಿರೀಷಾ ಪುಸ್ತಕದಿಂದ ತಲೆಯೆತ್ತಿದಳು. ಕೆಳಗೆ ಬಯಲಿನಲ್ಲಿ ಹಳೆಯ ಗುಡಿಗಳೆಲ್ಲ ಬಿಸಿಲಿಗೆ ಮೈಯೊಡ್ಡಿ ಕೂತಿದ್ದವು. ಸಾವಿರ ವರ್ಷದ ಕಲ್ಲು ಅದು, ಆದರೂ ಮೂವರ ಕಣ್ಣು ಈ ಹತ್ತನ್ನು ಬಿಟ್ಟು ಕದಲಲಿಲ್ಲ.

“ಮೊದಲು ಮೂರು ಇಟ್ಟವರಿಗೆ ಇದೆಲ್ಲ ಗೊತ್ತಾಮ್ಮ?” ಶಿರೀಷಾ ಪಿಸುಗುಟ್ಟಿದಳು.

“ಹೇಗೆ ಗೊತ್ತಾಗುತ್ತೆ? ಅವರೂ ಯಾವ ಬಾಡಿಗೆ ಮನೇಲಿದಾರೋ.”

ರಮಾದೇವಿ ಚೀಲದಿಂದ ತೋರಣ ತೆಗೆದಳು. ಎಲೆ ಬಾಡಿತ್ತು, ಹಸಿರು ಹೋಗಿರಲಿಲ್ಲ. ದಾರದ ಒಂದು ತುದಿಯನ್ನು ಬಂಡೆಯಿಂದ ಚಾಚಿಕೊಂಡಿದ್ದ ಮೂಲೆಗೆ ಸುತ್ತಿದಳು. ಇನ್ನೊಂದು ತುದಿಯನ್ನು ಹತ್ತನೆಯ ಕಲ್ಲಿನ ಮೇಲೆ ಹಾಸಿ, ಮುಷ್ಟಿ ಬಿಚ್ಚಿ, ತಾನು ತಂದಿದ್ದ ಕಲ್ಲನ್ನು ಅದರ ಮೇಲೆ ಹೇರಿದಳು. ಮೊಳೆ ಬೇಕಾಗಲಿಲ್ಲ.

“ಆ ಕಲ್ಲು ನಮ್ಮ ಮನೆಗೆ ಅಂತ ತಂದಿದ್ದಲ್ವಾ?” ಎಂದ ಶ್ರೀಧರ್.

“ಹಬ್ಬದ ದಿನ ಬಾಗಿಲು ಬೋಳಾಗಿರ್ಬಾರ್ದು ರೀ. ಹನ್ನೊಂದು ಅಂತ ಬರೀರಿ.”

ಅವನು ಬರೆದ. ಕೆಳಗೆ ಹೆಸರು ಹಾಕುವುದನ್ನು ಮರೆತ. ಡಬ್ಬಿಯನ್ನು ಸಂದಿಯೊಳಗೆ ಇಡಲು ಎರಡು ಹೆಜ್ಜೆ ಮುಂದೆ ಬಂದವನು ತಟ್ಟನೆ ನಿಂತ. ಕಾದ ಬಂಡೆಯ ಮೇಲೆ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಮೊಣಕಾಲೆತ್ತರದ ಆ ಬಾಗಿಲ ಮುಂದೆ ತಲೆ ಬಗ್ಗಿಸಿದ.